ಸಂಘದ ಸಾಲವೂ ಅಕ್ಕಂದಿರ ಬದುಕೂ

(ಹಾಸನದಲ್ಲಿ ನಡೆದ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ಆಡಿದ ಮಾತುಗಳ ಬರಹರೂಪ)

ಈ ಸಲ ಕಾಯಕದ ಬಗ್ಗೆ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಮಾಡಿದರು. ನಾನು ವಚನ ಸಾಹಿತ್ಯದಲ್ಲಿ ಪಂಡಿತನಲ್ಲ, ಹೇಮಾವತಿ ನಾಲೆಗಳ ಮೇಲೆ ಓಡಾಡಿ ಸೇವೆ ಮುಗಿಸಿದವನು. ಗೊರೂರಿನಿಂದ ಎಡದಂಡೆಯಲ್ಲಿ ಚನ್ನರಾಯಪಟ್ಟಣದ ಕಡೆಗೆ, ಬಲದಂಡೆಯಲ್ಲಿ ಅರಕಲಗೂಡು, ಹೊಳೆನರಸೀಪುರದ ಕಡೆಗೆ ನೀರು ಹೇಗೆ ಹೋಗುತ್ತದೆ, ಎಲ್ಲಿ ಸೋರುತ್ತದೆ, ಕೊನೆಯ ಗದ್ದೆಗೆ ಯಾಕೆ ತಲುಪುವುದಿಲ್ಲ ಎಂಬುದಷ್ಟೇ ನನಗೆ ಗೊತ್ತಿರುವ ವಿದ್ಯೆ. ಅದೇ ಕಣ್ಣಿನಿಂದ ನೋಡಿದ ಇನ್ನೊಂದು ಹರಿವಿನ ಬಗ್ಗೆ ಹೇಳುತ್ತೇನೆ. ಅದು ಬಡ ಹೆಣ್ಣುಮಕ್ಕಳ ಕೈಗೆ ಬರುವ ಸಂಘದ ಸಾಲ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಿವೃತ್ತಿಯಾದ ಹೊಸದರಲ್ಲಿ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ಸಂಘಗಳ ಸಮಾರಂಭಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ವರದಿ ಓದಿದವರು ಸಾಲ ವಸೂಲಿ ನೂರಕ್ಕೆ 99 ಎಂದರು. ನಾನು ಎದ್ದು ನಿಂತು, ‘ನಮ್ಮ ಇಲಾಖೆಗೆ ನೀರಿನ ಕರ ಎಂದೂ ಹೀಗೆ ವಸೂಲಾಗಿಲ್ಲ, ದೊಡ್ಡ ದೊಡ್ಡ ಗುತ್ತಿಗೆದಾರರು ಈ ತಾಯಂದಿರನ್ನು ನೋಡಿ ಕಲಿಯಬೇಕು’ ಎಂದೆ. ಚಪ್ಪಾಳೆ ಬಿತ್ತು. ಊಟ ಚೆನ್ನಾಗಿತ್ತು. ಆ 99 ಹೇಗೆ ಬರುತ್ತದೆ ಎಂದು ನಾನು ಕೇಳಲಿಲ್ಲ.

ಅದು ನನಗೆ ತಿಳಿದದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಣ್ಣುಮಗಳು ಅರಕಲಗೂಡು ಕಡೆಯವರು. ಹೆಸರು ಬೇಡ. ಊರಿನಲ್ಲಿದ್ದಾಗ ಹೊಗೆಸೊಪ್ಪಿನ ಎಲೆಯನ್ನು ಕಡ್ಡಿಗೆ ಕಟ್ಟುವ ಕೂಲಿ ಮಾಡುತ್ತಿದ್ದರು. ಈಗ ಹಾಸನದಲ್ಲಿ ಎರಡು ಮನೆಯ ಕೆಲಸ, ಜೊತೆಗೆ ಮದುವೆ ಛತ್ರದಲ್ಲಿ ಪಾತ್ರೆ ತೊಳೆಯುವ ಕೂಲಿ. ಗಂಡ ಎ.ಪಿ.ಎಂ.ಸಿ.ಯಲ್ಲಿ ಹಮಾಲಿ. ಒಂದು ಬೆಳಿಗ್ಗೆ ಆಕೆ ತಲೆ ಸುತ್ತಿ ಒಲೆಯ ಪಕ್ಕದಲ್ಲೇ ಕುಸಿದು ಕುಳಿತರು. ನನ್ನ ಶ್ರೀಮತಿ ವಿಚಾರಿಸಿದಾಗ ಎರಡು ತಿಂಗಳಿಂದ ಬಿ.ಪಿ. ಮಾತ್ರೆ ತೆಗೆದುಕೊಂಡಿಲ್ಲ ಎಂದು ಗೊತ್ತಾಯಿತು. ‘ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡ್ತಾರಲ್ಲಮ್ಮ’ ಎಂದು ನಾನು ದೊಡ್ಡ ತಿಳಿವಳಿಕೆಯ ಮಾತು ಹೇಳಿದೆ.

‘ಕೊಡ್ತಾರೆ ಸಾರ್. ಸಾಲಿನಾಗೆ ನಿಂತ್ರೆ ಅರ್ಧ ದಿನ ಹೋಯ್ತದೆ. ಛತ್ರದ ಕೂಲಿ ಹೋದ್ರೆ ಕಂತು ಎಲ್ಲಿಂದ ಕಟ್ಲಿ? ಕಟ್ಲಿಲ್ಲಾಂದ್ರೆ ಸಂಘದೋರೆಲ್ಲ ನಮ್ಮನೆ ಮುಂದೆ ಬಂದು ಕೂತ್ಕತಾರೆ. ಮರ್ವಾದೆ ಹೋಯ್ತದೆ.’

ಆಕೆ ಒಂದು ಕಂತನ್ನೂ ತಪ್ಪಿಸಿರಲಿಲ್ಲ. ಪುಸ್ತಕದಲ್ಲಿ ಆಕೆಯ ವಸೂಲಿ ನೂರಕ್ಕೆ ನೂರು. ನಾನು ವೇದಿಕೆಯ ಮೇಲೆ ಹೊಗಳಿದ 99ರಲ್ಲಿ ಇಂಥವರು ಎಷ್ಟು ಜನ ಇದ್ದರೋ.

ಸಾಲದ ಕಾರ್ಡುಗಳನ್ನು ತರಲು ಹೇಳಿದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೂರು ಕಾರ್ಡು ತಂದರು. ಒಂದು 50,000, ಒಂದು 40,000, ಇನ್ನೊಂದು 50,000. ಎಲ್ಲವೂ ಎರಡು ವರ್ಷದ ಸಾಲ, ಬಡ್ಡಿ ವರ್ಷಕ್ಕೆ ನೂರಕ್ಕೆ 24. ಮೂರೂ ಸೇರಿ ತಿಂಗಳ ಕಂತು ಸುಮಾರು 7,400 ರೂಪಾಯಿ. ಗಂಡ ಹೆಂಡತಿ ಇಬ್ಬರ ದುಡಿಮೆ ಸೇರಿ ಮನೆಗೆ ಬರುವುದು ತಿಂಗಳಿಗೆ 13,000. ಮಿಕ್ಕ 5,600ರಲ್ಲಿ ಬಾಡಿಗೆ, ಗ್ಯಾಸು, ಮಗನ ಶಾಲೆ, ನಾಲ್ಕು ಜನರ ಹೊಟ್ಟೆ. ರೇಷನ್ ಅಕ್ಕಿ ಇಲ್ಲದಿದ್ದರೆ ಏನಾಗುತ್ತಿತ್ತೋ.

ರಿಸರ್ವ್ ಬ್ಯಾಂಕು 2022ರಲ್ಲಿ ಒಂದು ನಿಯಮ ಮಾಡಿದೆ. ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋ ಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಎಂಜಿನಿಯರಾದ ನನಗೆ ಇದು ಬಹಳ ಹಿಡಿಸಿದ ನಿಯಮ. ಸೇತುವೆ ಎಷ್ಟು ಭಾರ ತಡೆಯುತ್ತದೋ ಅಷ್ಟನ್ನೂ ನಾವು ಹೇರಲು ಬಿಡುವುದಿಲ್ಲ. ಒಂದು ಪಾಲನ್ನು ಹೊಳೆ ಉಕ್ಕುವ ದಿನಕ್ಕೆಂದು ಕಾದಿಡುತ್ತೇವೆ. ಈ ಮನೆಯ ಲೆಕ್ಕಕ್ಕೆ ಮಿತಿ 6,500. ಹಾಗಾದರೆ ಮೂರನೆಯ ಸಾಲ ಹೇಗೆ ಸಿಕ್ಕಿತು? ಅರ್ಜಿಯ ನಕಲು ನೋಡಿದರೆ ಆದಾಯ ತಿಂಗಳಿಗೆ 22,000 ಎಂದು ಬರೆದಿತ್ತು. ‘ಅವ್ರೇ ಬರ್ಕೊಂಡ್ರು ಸಾರ್, ನಾನು ಸೈನ್ ಹಾಕ್ದೆ.’ ಕಾಗದದ ಮೇಲೆ ಸೇತುವೆಯನ್ನು ಗಟ್ಟಿ ಮಾಡಿದರೆ ಲಾರಿ ದಾಟುವುದಿಲ್ಲ.

ಮೂರು ಸಾಲ ಯಾತಕ್ಕೆ ಖರ್ಚಾಯಿತು ಎಂದು ಕೇಳಿದೆ. ಮೊದಲನೆಯದನ್ನು ಗಂಡ ತನ್ನ ತಮ್ಮನ ಲಗೇಜು ಆಟೋಗೆ ಕೊಟ್ಟ. ಎರಡನೆಯದು ಮಗಳ ಬಾಣಂತನಕ್ಕೆ. ಮೂರನೆಯದು ಮೊದಲಿನ ಎರಡರ ಕಂತು ಕಟ್ಟಲಿಕ್ಕೆ. ಒಂದೂ ಆಕೆಯ ಸ್ವಂತ ಕಾಯಕಕ್ಕೆ ಅಲ್ಲ. ಆದರೆ ಮೂರು ಕಾರ್ಡಿನ ಮೇಲೂ ಆಕೆಯ ಹೆಸರು, ಆಕೆಯ ಫೋಟೋ. ಗಂಡನ ಮನೆ ಮುಂದೆ ಯಾರೂ ಕುಳಿತುಕೊಳ್ಳುವುದಿಲ್ಲ, ಹೆಂಡತಿಯ ಮನೆ ಮುಂದೆ ಕುಳಿತುಕೊಳ್ಳುತ್ತಾರೆ. ಮನೆ ಒಂದೇ ಆದರೂ!

ಈ ಹೊತ್ತಿನಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಯಿತು. ಆ ಕಥೆ ನಿಮಗೆಲ್ಲ ಬಾಯಿಪಾಠ. ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮ ತಡೆದು ಕೇಳಿ, ಹೆಚ್ಚಿನದನ್ನು ವಾಪಸು ಕೊಟ್ಟು ಬನ್ನಿ ಎಂದರು. ನಾವು ಈ ಕಥೆಯನ್ನು ಅತಿಯಾಸೆ ಬೇಡ ಎಂಬ ಪಾಠಕ್ಕೆ ಹೇಳುತ್ತೇವೆ. ನನಗೆ ಈಗ ಬೇರೆಯದೇ ಕಾಣುತ್ತದೆ. ಮನೆಗೆ ಏನು ಬಂತು, ಎಲ್ಲಿಂದ ಬಂತು, ಎಷ್ಟು ಬೇಕು ಎಂದು ಕೇಳುವ ಅಧಿಕಾರ ಆ ತಾಯಿಗೆ ಇತ್ತು. ಕೇಳಿದಾಗ ಗಂಡ ಉತ್ತರ ಕೊಡುತ್ತಿದ್ದ. ಹನ್ನೆರಡನೆಯ ಶತಮಾನದ, ಅಕ್ಕಿ ಆಯ್ದು ಬದುಕಿದ ಮನೆಯ ಹೆಣ್ಣುಮಗಳಿಗೆ ಇದ್ದ ಈ ಅಧಿಕಾರ, 1,40,000 ರೂಪಾಯಿ ತನ್ನ ಹೆಸರಿನಲ್ಲಿ ತಂದ ನಮ್ಮ ಹೆಣ್ಣುಮಗಳಿಗೆ ಇಲ್ಲ.

ಇಷ್ಟು ಕೇಳಿ ನಾನು ಸಂಘಗಳ ವಿರೋಧಿ ಎಂದುಕೊಳ್ಳಬೇಡಿ. ಸಂಘ ಬರುವ ಮೊದಲಿನ ದಿನಗಳನ್ನು ನಾನು ಕಂಡಿದ್ದೇನೆ. ಆಲೂಗಡ್ಡೆ ಬಿತ್ತನೆಯ ಕಾಲ ಬಂದರೆ ಜಲಂಧರದ ಬೀಜ ಹಾಸನದ ಮಾರುಕಟ್ಟೆಗೆ ಇಳಿಯುತ್ತಿತ್ತು, ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತಿತ್ತು. ಅಂಗಮಾರಿ ಬಿದ್ದು ಗಿಡ ಕಪ್ಪಾದರೆ ಓಲೆ ಮತ್ತೆ ಮನೆಗೆ ಬರುತ್ತಿರಲಿಲ್ಲ. ಹೆಂಗಸಿಗೆ ಬ್ಯಾಂಕಿನ ಬಾಗಿಲೇ ಗೊತ್ತಿರಲಿಲ್ಲ.

ಸಂಘದ ಕಲ್ಪನೆಗೆ ನಮ್ಮ ರಾಜ್ಯದಲ್ಲಿ ಒಂದು ಹೆಮ್ಮೆಯ ಇತಿಹಾಸವಿದೆ. ಎಲ್ಲರೂ ಬಾಂಗ್ಲಾದೇಶದ ಮಹಮ್ಮದ್ ಯೂನುಸರ ಹೆಸರು ಹೇಳುತ್ತಾರೆ. 1976ರಲ್ಲಿ ಅವರು ಜೋಬ್ರಾ ಎಂಬ ಹಳ್ಳಿಯಲ್ಲಿ 42 ಜನರಿಗೆ ತಮ್ಮ ಜೇಬಿನಿಂದ 27 ಡಾಲರ್ ಕೊಟ್ಟು ಶುರು ಮಾಡಿದರು. 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಬಂತು. ಆದರೆ ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯವರು 1980ರ ದಶಕದ ನಡುವೆ ಬೇರೊಂದು ದಾರಿ ಹಿಡಿದಿದ್ದರು. ದೊಡ್ಡ ಸಹಕಾರ ಸಂಘಗಳು ಒಡೆದಾಗ ಒಬ್ಬರನ್ನೊಬ್ಬರು ನಂಬುವ ಸಣ್ಣ ಸಣ್ಣ ಗುಂಪುಗಳು ಉಳಿದುಕೊಂಡವು. ಅವು ಮೊದಲು ತಾವೇ ಉಳಿತಾಯ ಮಾಡಿ, ಆ ಹಣವನ್ನು ತಾವೇ ಸಾಲ ಕೊಟ್ಟುಕೊಂಡವು. ಅದನ್ನು ನೋಡಿಯೇ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000ದಲ್ಲಿ ನಮ್ಮ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದು, ಅಂಗನವಾಡಿ ಕಾರ್ಯಕರ್ತೆಯರ ಕೈಯಲ್ಲಿ ಊರೂರಿಗೆ ಸಂಘ ಕಟ್ಟಿಸಿತು.

ಅಂದರೆ ನಾವು ‘ಸಂಘ’ ಎಂಬ ಒಂದೇ ಹೆಸರಿನಿಂದ ಕರೆಯುವುದು ಎರಡು ಬೇರೆ ವಸ್ತುಗಳನ್ನು. ಒಂದು ಉಳಿತಾಯದಿಂದ ಹುಟ್ಟಿದ ಸಂಘ, ಇನ್ನೊಂದು ಸಾಲದಿಂದ ಹುಟ್ಟಿದ ಗುಂಪು. ಎರಡನೆಯದರಲ್ಲಿ ಹೆಂಗಸರು ಒಟ್ಟು ಸೇರುವುದು ಒಬ್ಬರಿಗೊಬ್ಬರು ಜಾಮೀನು ನಿಲ್ಲಲಿಕ್ಕೆ ಮಾತ್ರ.

ಹೊಳೆನರಸೀಪುರ ತಾಲ್ಲೂಕಿನಲ್ಲಿ ನದಿಯ ಪಕ್ಕದ ಒಂದು ಊರಿನಲ್ಲಿ ಮೊದಲನೆಯ ಬಗೆಯ ಸಂಘವೊಂದರ ಪುಸ್ತಕ ನೋಡಿದೆ. 15 ಜನ, ವಾರಕ್ಕೆ ತಲಾ 50 ರೂಪಾಯಿ. ಲೆಕ್ಕ ಹಾಕಿ. ವರ್ಷಕ್ಕೆ 39,000. ಐದು ವರ್ಷಕ್ಕೆ ಬಡ್ಡಿ ಬಿಟ್ಟು 1,95,000. ಇದರಿಂದ ಬೇಕಾದವರಿಗೆ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ನಾನು ಎಂಜಿನಿಯರ್ ಬುದ್ಧಿ ತೋರಿಸಿ, ‘ಇದೂ ವರ್ಷಕ್ಕೆ 24 ಆಯಿತಲ್ಲ, ಫೈನಾನ್ಸಿನವರಷ್ಟೇ ಆಯಿತಲ್ಲ?’ ಎಂದೆ. ಪುಸ್ತಕ ಬರೆಯುವ ಹುಡುಗಿ ನಕ್ಕು, ‘ಬಡ್ಡಿ ಎಲ್ಲಿಗೆ ಹೋಗುತ್ತೆ ನೋಡಿ ಸಾರ್’ ಎಂದಳು. ನಿಜ. ಅದು ಅವರ ಪೆಟ್ಟಿಗೆಗೇ ವಾಪಸು ಬರುತ್ತದೆ. ನಾಲೆ ಸೋರಿದರೂ ಸೋರಿದ ನೀರು ಅದೇ ಊರಿನ ಬಾವಿಗೆ ಇಳಿದ ಹಾಗೆ. ಬೇಸಿಗೆಯಲ್ಲಿ ಒಬ್ಬಾಕೆ ಕಂತು ಕಟ್ಟಲಾರದೆ ಹೋದಾಗ ಸಭೆಯಲ್ಲಿ ಕೂತು ಮಾತನಾಡಿ ಎರಡು ತಿಂಗಳು ಮುಂದಕ್ಕೆ ಹಾಕಿದ್ದು ನಡಾವಳಿ ಪುಸ್ತಕದಲ್ಲಿತ್ತು. ಎಲ್ಲಿಂದಲೋ ಬಂದ ಹಣವಾದರೆ ಹೀಗೆ ಮುಂದಕ್ಕೆ ಹಾಕುವ ಅಧಿಕಾರ ಅವರಿಗೆ ಎಲ್ಲಿಂದ ಬರಬೇಕು?

ಬಡ್ಡಿಯ ವಿಷಯ ಬಂದದ್ದರಿಂದ ಒಂದು ಮಾತು. 50,000ಕ್ಕೆ ತಿಂಗಳಿಗೆ 2,640ರಂತೆ 24 ಕಂತು ಕಟ್ಟಿದರೆ ಒಟ್ಟು ಬಡ್ಡಿ ಸುಮಾರು 13,400. ‘ಎರಡು ವರ್ಷಕ್ಕೆ ಹದಿಮೂರು ಸಾವಿರ ತಾನೆ, ವರ್ಷಕ್ಕೆ ನೂರಕ್ಕೆ ಹದಿಮೂರು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಿಂಗಳು ತಿಂಗಳೂ ಅಸಲು ಕರಗುತ್ತಾ ಬರುತ್ತದೆ, ಇಡೀ 50,000 ನಿಮ್ಮ ಕೈಯಲ್ಲಿ ಇರುವುದು ಮೊದಲ ತಿಂಗಳು ಮಾತ್ರ. ನಿಜವಾದ ದರ 24.

ಇನ್ನು ಕಂತಿನ ಕಾಲ. ನಾಲೆಯಲ್ಲಿ ನಾವು ಬೆಳೆ ನೋಡಿ ನೀರು ಬಿಡುತ್ತೇವೆ, ಕ್ಯಾಲೆಂಡರ್ ನೋಡಿ ಅಲ್ಲ. ಚನ್ನರಾಯಪಟ್ಟಣದ ಕಡೆ ಹಸು ಕಟ್ಟಿದ ಮನೆಗೆ ಡೇರಿಯ ಬಟವಾಡೆ ನಿಯಮಿತವಾಗಿ ಬರುತ್ತದೆ, ತೆಂಗು ವರ್ಷವಿಡೀ ಒಂದಿಷ್ಟು ಕಾಯಿ ಬೀಳಿಸುತ್ತದೆ. ಅಲ್ಲಿ ತಿಂಗಳ ಕಂತು ಹೇಗೋ ನಡೆಯುತ್ತದೆ. ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ದುಡ್ಡು ರಾಮನಾಥಪುರದ ಹರಾಜು ಶುರುವಾದ ಮೇಲೆ ಬರಬೇಕು. ಶುಂಠಿಯೋ ಆಲೂಗಡ್ಡೆಯೋ ಅದರದರ ಕಾಲಕ್ಕೆ. ಅಲ್ಲಿ ಏಪ್ರಿಲ್ ತಿಂಗಳಲ್ಲಿ ಕಂತು ಕೇಳಿದರೆ ಹೆಂಗಸು ಇನ್ನೊಂದು ಸಂಘದ ಬಾಗಿಲಿಗೆ ಹೋಗಲೇಬೇಕು. ಎರಡನೆಯ ಸಾಲ, ಮೂರನೆಯ ಸಾಲ ಹುಟ್ಟುವುದು ದುಂದುಗಾರಿಕೆಯಿಂದ ಎಂದು ಅನೇಕ ಹಿರಿಯರು ಹೇಳುತ್ತಾರೆ. ಬಹುಪಾಲು ಅದು ಹೀಗೆ ಹುಟ್ಟುತ್ತದೆ. ಹಸುವಿನ ಮಾತಿಗೆ ಬಂದರೆ ಇನ್ನೊಂದು. ಸಾಲ ಹೆಂಡತಿಯ ಹೆಸರಿನಲ್ಲಿ, ಹಾಲು ಕರೆಯುವುದು ಹೆಂಡತಿ, ಆದರೆ ಡೇರಿಯ ಸದಸ್ಯತ್ವವೂ ಬಟವಾಡೆಯೂ ಗಂಡನ ಹೆಸರಿನಲ್ಲಿ. ಇದನ್ನು ಇಲ್ಲಿ ಕೂತಿರುವ ಗಂಡಸರು ನಾಳೆಯೇ ಬದಲಾಯಿಸಬಹುದು. ಯಾವ ಕಾನೂನೂ ಬೇಕಾಗಿಲ್ಲ.

ವಿದ್ವಾಂಸರು ಏನು ಹೇಳುತ್ತಾರೆ ಎಂದು ನೋಡಿದೆ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು ಹೈದರಾಬಾದಿನ 104 ಬಡಾವಣೆಗಳಲ್ಲಿ ಅಧ್ಯಯನ ಮಾಡಿದರು. ಅರ್ಧ ಬಡಾವಣೆಗಳಲ್ಲಿ ಮೈಕ್ರೋ ಸಾಲದ ಶಾಖೆ ಮೊದಲು ತೆರೆಯಿತು, ಉಳಿದವುಗಳಲ್ಲಿ ಆಗ ತೆರೆಯಲಿಲ್ಲ. ಮೊದಲೇ ವ್ಯಾಪಾರ ಇದ್ದವರು ಅದರಲ್ಲಿ ಇನ್ನಷ್ಟು ಹಣ ತೊಡಗಿಸಿದರು, ಮನೆಗೆ ಬಾಳಿಕೆಯ ವಸ್ತುಗಳು ಬಂದವು. ಆದರೆ ಆರೋಗ್ಯ, ಮಕ್ಕಳ ಓದು, ಮನೆಯಲ್ಲಿ ಹೆಣ್ಣಿನ ಮಾತಿನ ತೂಕ, ಇವು ಮೂರರಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಸಾಲ ಎಂದರೆ ವಿಷವೂ ಅಲ್ಲ, ಅಮೃತವೂ ಅಲ್ಲ. ಬರೀ ಸಾಲದಿಂದ ಹೆಣ್ಣುಮಕ್ಕಳು ಮೇಲೆ ಬರುತ್ತಾರೆ ಎಂದು ವೇದಿಕೆಯಲ್ಲಿ ಹೇಳುವ ನನ್ನಂಥವರು ಮಾತ್ರ ಸ್ವಲ್ಪ ಬಾಯಿ ಮುಚ್ಚಿಕೊಳ್ಳಬೇಕು.

ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು ನಾವು ನೋಡಿದ್ದೇವೆ. 2010ರಲ್ಲಿ ಆಂಧ್ರದಲ್ಲಿ ಆತ್ಮಹತ್ಯೆಗಳಾಗಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು. 2025ರ ಆರಂಭದಲ್ಲಿ ನಮ್ಮಲ್ಲೇ, ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೂ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕಾನೂನು ಬೇಕು, ಬಂದದ್ದು ಒಳ್ಳೆಯದಾಯಿತು. ಆದರೆ ನಮ್ಮ ಮನೆಯ ಹೆಣ್ಣುಮಗಳನ್ನು ಯಾರೂ ಬೈದಿರಲಿಲ್ಲ, ಬಾಗಿಲು ಒದ್ದಿರಲಿಲ್ಲ. ಕಾನೂನಿನ ಕಣ್ಣಿಗೆ ಅಲ್ಲಿ ಏನೂ ನಡೆದೇ ಇಲ್ಲ. ಆಕೆ ಸದ್ದಿಲ್ಲದೆ ಮಾತ್ರೆ ಬಿಟ್ಟಿದ್ದರು, ಅಷ್ಟೇ.

ಈಗ ನಮ್ಮ ಸಮಾಜಕ್ಕೆ ಸ್ವಲ್ಪ ಕಹಿಯಾದ ಮಾತು. ಪೂಜ್ಯರು ಕ್ಷಮಿಸಬೇಕು. ಹೊಳೆನರಸೀಪುರದ ಆ ಒಳ್ಳೆಯ ಸಂಘದಲ್ಲಿ 15 ಜನ ಎಂದೆನಲ್ಲ, ಅವರೆಲ್ಲ ಒಂದೇ ಬೀದಿಯವರು. ನಮ್ಮವರೇ. ಆಚೆ ಕೇರಿಯವರಿಗೆ ಬೇರೆ ಸಂಘ. ಅದೇ ಬೀದಿಯಲ್ಲಿ ಗಂಡ ತೀರಿಹೋದ, ಎರಡು ಮಕ್ಕಳ ಒಬ್ಬ ತಾಯಿ ಇದ್ದಾರೆ. ಅವರು ಯಾಕೆ ಸಂಘದಲ್ಲಿಲ್ಲ ಎಂದು ಕೇಳಿದೆ. ‘ಅವರಿಗೆ ಕಟ್ಟಕ್ಕೆ ಆಗಲ್ಲ ಸಾರ್, ಆಮೇಲೆ ನಮ್ಮ ತಲೆ ಮೇಲೆ ಬರುತ್ತೆ’ ಎಂದರು. ಆ ಮಾತಿನಲ್ಲಿ ಕೆಡುಕಿಲ್ಲ, ಲೆಕ್ಕ ಇದೆ. ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ಎಂದ ಮೇಲೆ ತೀರ ಬಡವಳನ್ನು, ವಿಧವೆಯನ್ನು, ಕುಡುಕನ ಹೆಂಡತಿಯನ್ನು ಯಾರು ಸೇರಿಸಿಕೊಳ್ಳುತ್ತಾರೆ? ನಾಲೆಯ ಕೊನೆಯ ಗದ್ದೆಗೆ ನೀರು ಹೋಗುವುದಿಲ್ಲ ಎಂದು ರೈತರು ನನ್ನನ್ನು ಬೈಯುತ್ತಿದ್ದರು. ಇಲ್ಲಿಯೂ ಅದೇ. ಆದರೆ ನಾವು ಯಾರ ಮಕ್ಕಳು? ಅನುಭವ ಮಂಟಪದಲ್ಲಿ ಅಕ್ಕಿ ಕುಟ್ಟುವ ಕೊಟ್ಟಣದ ಸೋಮಮ್ಮನವರಿಗೂ ನೂಲುವ ಕದಿರ ರೆಮ್ಮವ್ವೆಯವರಿಗೂ ಸೂಳೆ ಸಂಕವ್ವೆಯವರಿಗೂ ಜಾಗ ಇತ್ತು ಎಂದು ಪ್ರತಿ ಬಸವ ಜಯಂತಿಗೆ ಹೇಳುವವರು. ವಾರಕ್ಕೆ 50 ರೂಪಾಯಿಯ ಸಂಘದಲ್ಲಿ ಆಚೆ ಕೇರಿಯ ಹೆಣ್ಣುಮಗಳಿಗೆ ಜಾಗ ಮಾಡಲಾಗದಿದ್ದರೆ ಆ ಭಾಷಣ ಯಾಕೆ?

ನಮ್ಮ ಮನೆಯಲ್ಲಿ ಏನು ಮಾಡಿದೆವು ಎಂದು ಹೇಳಬೇಕಲ್ಲ. ಒಂದು ಸಾಲವನ್ನು ನಾನೇ ತೀರಿಸಿಬಿಡುತ್ತೇನೆ ಎಂದೆ. ಶ್ರೀಮತಿ ಒಪ್ಪಲಿಲ್ಲ. ‘ದಾನ ಆಮೇಲೆ ಮಾಡಿ. ಮೂರು ವರ್ಷದಿಂದ ಅವರ ಸಂಬಳ ಏರಿಸಿಲ್ಲ, ಅದನ್ನು ಮೊದಲು ನೋಡಿ’ ಎಂದರು. ನನ್ನ ಪಿಂಚಣಿಗೆ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಏರುತ್ತಿತ್ತು. ಅದೇ ಅಕ್ಕಿಬೇಳೆಯ ಬೆಲೆ ಅವರಿಗೂ ಏರಿದೆ ಎಂಬುದು ನನಗೆ ಹೊಳೆದಿರಲಿಲ್ಲ. ಈ ಸಭೆಯಲ್ಲಿ ಪಿಂಚಣಿದಾರರು ಬಹಳ ಜನ ಇದ್ದೀರಿ, ಹೆಚ್ಚು ಹೇಳುವುದಿಲ್ಲ. ಸಂಬಳ 2,000ದಿಂದ 3,500 ಮಾಡಿದೆವು. ಆಸ್ಪತ್ರೆಗೆ ಹೋಗುವ ದಿನ ಸಂಬಳ ಸಹಿತ ರಜೆ. ಮೊದಲನೆಯ ಸಾಲ ಈ ಆಷಾಢಕ್ಕೆ ಮುಗಿಯಿತು. ಮತ್ತೆ ಕೊಡುತ್ತೇವೆಂದು ಬಂದರಂತೆ, ಆಕೆ ಬೇಡ ಎಂದರಂತೆ. ಗಂಡನಿಗೆ ಕೋಪ ಬಂದಿದೆ. ಅದು ಇನ್ನೂ ಇಳಿದಿಲ್ಲ.

ಆಮೇಲೆ ನಾನೂ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಇಬ್ಬರು ಗೆಳೆಯರೂ, ಒಬ್ಬ ನಿವೃತ್ತ ಶಿಕ್ಷಕಿಯೂ ಸೇರಿ ಪೂಜ್ಯರ ಅಪ್ಪಣೆ ಪಡೆದು ದಾಸೋಹ ಭವನದ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದೇವೆ. ಬಂದವರ ಕಾರ್ಡು ಓದಿ, ಬಡ್ಡಿ ಎಷ್ಟು, ಉಳಿದದ್ದೆಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತೇವೆ. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ವಸೂಲಿಗೆಂದು ಫೋನ್ ಮಾಡುವಂತಿಲ್ಲ, ಸಾಲದ ಕಾಗದ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ ಓದಿ ಹೇಳುತ್ತೇವೆ. ಸಾಲ ಕೊಡುವುದಿಲ್ಲ, ಸಾಲ ತೀರಿಸುವುದೂ ಇಲ್ಲ. ಮೊದಲ ತಿಂಗಳು ನಾಲ್ಕೇ ಜನ ಬಂದರು. ಕಳೆದ ತಿಂಗಳು ಹದಿನೇಳು. ಅವರಲ್ಲಿ ಇಬ್ಬರು ಗಂಡನನ್ನೂ ಕರೆದುಕೊಂಡು ಬಂದಿದ್ದರು, ಅವನೂ ಕೇಳಿಸಿಕೊಳ್ಳಲಿ ಎಂದು.

ಈ ತಿಂಗಳ ಮೂರನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಕೂರುತ್ತೇವೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ, ತೋಟದ ಆಳುಗಳ ಮನೆಯವರಿಗೆ, ಯಾವ ಕೇರಿಯವರಾದರೂ ಸರಿ, ಹೇಳಿ ಕಳುಹಿಸಿ. ಸಾಲದ ಕಾರ್ಡು, ಪಾಸ್‌ಬುಕ್ ತರಲಿ. ಬಿ.ಪಿ. ನೋಡಲು ಒಬ್ಬ ಡಾಕ್ಟರೂ ಬರಲು ಒಪ್ಪಿದ್ದಾರೆ. ಮಧ್ಯಾಹ್ನ ಪ್ರಸಾದದ ವ್ಯವಸ್ಥೆ ಇದೆ.